ಹಳೆಯ ಮಾರುತಿ 800: ಸೋರುವ ಪೆಟ್ರೋಲ್ ಪೈಪ್ ನಾವೇ ಬದಲಿಸಬಹುದೇ?

ಪ್ರಶ್ನೆ: ನನ್ನ ಬಳಿ 1997ರ ಮಾರುತಿ 800 ಇದೆ, ಕಾರ್ಬ್ಯುರೇಟರ್ ಗಾಡಿ. ಹೊರಗೆ ತೆಗೆಯುವುದು ತಿಂಗಳಿಗೆ ಎರಡು ಮೂರು ಸಲ ಅಷ್ಟೇ. ಇತ್ತೀಚೆಗೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ. ಬಾನೆಟ್ ಎತ್ತಿ ನೋಡಿದರೆ ಪಂಪಿನ ಹತ್ತಿರ ರಬ್ಬರ್ ಪೈಪಿನ ತುದಿ ಒದ್ದೆ. ಒಬ್ಬ ಮೆಕ್ಯಾನಿಕ್ ಕ್ಲಿಪ್ ಬಿಗಿ ಮಾಡಿಕೊಟ್ಟರು, ಸ್ವಲ್ಪ ದಿನ ಸರಿಯಿದ್ದು ಮತ್ತೆ ಶುರುವಾಯಿತು. ಇನ್ನೊಬ್ಬರು ಇದೆಲ್ಲ ಇ20 ಪೆಟ್ರೋಲಿನ ಕರಾಮತ್ತು, ಗಾಡಿ ಮಾರಿಬಿಡಿ ಎಂದರು. ಅಂಗಡಿಯಲ್ಲಿ ಕೇಳಿದರೆ ಮೂರು ಬಗೆಯ ಪೈಪ್ ಮುಂದಿಟ್ಟು ‘ಯಾವುದಾದರೂ ನಡೆಯುತ್ತೆ’ ಎನ್ನುತ್ತಾರೆ. ಪಂಪ್‌ಸೆಟ್ಟು, ಸ್ಕೂಟರು ಎಲ್ಲ ನಾನೇ ಬಿಚ್ಚಿ ಜೋಡಿಸಿಕೊಂಡವನು. ಈ ಕೆಲಸ ನಾನೇ ಮಾಡಬಹುದೇ? ಯಾವ ಪೈಪ್ ತರಬೇಕು?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಮಾಡಬಹುದು. ಬಾನೆಟ್ಟಿನ ಕೆಳಗಿರುವ ರಬ್ಬರ್ ಪೈಪುಗಳ ಮಟ್ಟಿಗೆ ಧೈರ್ಯವಾಗಿ ಮಾಡಿ. ಪಂಪ್‌ಸೆಟ್ ಬಿಚ್ಚಿ ಜೋಡಿಸಿದ ಕೈಗೆ ಇದು ದೊಡ್ಡ ಕೆಲಸವೇ ಅಲ್ಲ. ಇಲ್ಲಿ ಕೆಡುವುದು ಎರಡೇ ಕಡೆ: ಒಂದು, ಪೆಟ್ರೋಲಿನ ಆವಿಯನ್ನು ಹಗುರವಾಗಿ ತೆಗೆದುಕೊಳ್ಳುವುದು. ಎರಡು, ಅಂಗಡಿಯವರು ಕೊಟ್ಟ ಪೈಪನ್ನು ಕಣ್ಣುಮುಚ್ಚಿ ತರುವುದು. ಉತ್ತರದ ಹೆಚ್ಚಿನ ಪಾಲು ಇವೆರಡಕ್ಕೇ ಹೋಗುತ್ತದೆ. ಆದರೆ ಕೆಲಸ ಆಗುವವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ. ಶೆಡ್ಡಿನಿಂದ ತಳ್ಳಿ ಹೊರಗೆ, ಗಾಳಿಯಾಡುವ ಕಡೆ ನಿಲ್ಲಿಸಿ. ಒದ್ದೆ ಕಾಣಿಸುತ್ತಿದೆ ಎಂದರೆ ಎಂಜಿನ್ ಓಡುವಾಗ ಅದು ತೊಟ್ಟಿಕ್ಕುತ್ತಿರಬಹುದು, ಆ ತೊಟ್ಟು ಬೀಳುವ ಜಾಗದಲ್ಲಿ ಕಾದ ಎಕ್ಸಾಸ್ಟ್ ಪೈಪೋ ಡಿಸ್ಟ್ರಿಬ್ಯೂಟರಿನ ಕಿಡಿಯೋ ಇದ್ದರೆ ಮುಂದಿನದು ಹೇಳಬೇಕಿಲ್ಲ.

ಕ್ಲಿಪ್ ಬಿಗಿ ಮಾಡಿದ್ದು ಯಾಕೆ ನಿಲ್ಲಲಿಲ್ಲ ಎಂಬುದರಿಂದ ಶುರು ಮಾಡೋಣ. ರಬ್ಬರ್ ಪೈಪು ಲೋಹದ ಮೂತಿಯನ್ನು ಹಿಡಿದುಕೊಳ್ಳುವುದು ತನ್ನ ಸ್ಪ್ರಿಂಗ್ ಗುಣದಿಂದ. ಕ್ಲಿಪ್ ಒತ್ತುತ್ತದೆ, ರಬ್ಬರ್ ತಿರುಗಿ ಒತ್ತುತ್ತದೆ, ಆ ಜಗ್ಗಾಟದಲ್ಲಿ ಸಂದು ಮುಚ್ಚಿರುತ್ತದೆ. ವರ್ಷಗಟ್ಟಲೆ ಎಂಜಿನ್ನಿನ ಕಾವು ತಿಂದ ರಬ್ಬರ್ ಗಟ್ಟಿಯಾಗಿ ಆ ಗುಣ ಕಳೆದುಕೊಂಡಿರುತ್ತದೆ. ಕ್ಲಿಪ್ ಬಿಗಿದರೆ ಗಟ್ಟಿ ರಬ್ಬರು ಕ್ಲಿಪ್ಪಿನ ಅಚ್ಚಿನಲ್ಲಿ ಕೂತುಬಿಡುತ್ತದೆ, ತಿರುಗಿ ಒತ್ತುವುದಿಲ್ಲ. ನಾಲ್ಕು ಸಲ ಎಂಜಿನ್ ಕಾದು ತಣ್ಣಗಾದ ಮೇಲೆ ಸಂದು ಮತ್ತೆ ತೆರೆದುಕೊಳ್ಳುತ್ತದೆ. ಇನ್ನೂ ಬಿಗಿ ಮಾಡಿದರೆ ಕ್ಲಿಪ್ಪಿನ ಅಂಚು ರಬ್ಬರನ್ನು ಕೊಯ್ಯುತ್ತದೆ. ನಿಮ್ಮಲ್ಲಿ ಬೆಳಿಗ್ಗೆ ಹೊತ್ತು ವಾಸನೆ ಜಾಸ್ತಿ ಎಂದಿದ್ದೀರಿ, ಅದೂ ಇದಕ್ಕೆ ಹೊಂದುತ್ತದೆ: ಗಟ್ಟಿಯಾದ ರಬ್ಬರು ಚಳಿಗೆ ಇನ್ನಷ್ಟು ಸೆಟೆದುಕೊಂಡು ಮೂತಿಯ ಮೇಲಿನ ಹಿಡಿತ ಬಿಡುತ್ತದೆ. ಜೊತೆಗೆ ಮುಚ್ಚಿದ ಶೆಡ್ಡಿನಲ್ಲಿ ಇಡೀ ರಾತ್ರಿಯ ಆವಿ ಸೇರಿಕೊಂಡಿರುತ್ತದೆ.

ಇ20 ಬಗ್ಗೆ ಹೇಳಿದ ಮೆಕ್ಯಾನಿಕ್ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಈ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ ನಡೆದ ಇಂಧನ ಸಮಾವೇಶದಲ್ಲಿ. ಈಗ ಎಲ್ಲ ಬಂಕುಗಳಲ್ಲೂ ಹೆಚ್ಚುಕಡಿಮೆ ಅದೇ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರು, ಪ್ಲಾಸ್ಟಿಕ್ಕುಗಳನ್ನು ಇದಕ್ಕೆ ಹೊಂದುವ ಹಾಗೆ ಮಾಡಿರುತ್ತಾರೆ. ನಿಮ್ಮ ಗಾಡಿಯ ಪೈಪ್ ಮಾಡಿದವರಿಗೆ ಈ ಯೋಚನೆಯೇ ಇರಲಿಲ್ಲ. ಎಥೆನಾಲ್ ಹಳೆಯ ಪೆಟ್ರೋಲ್ ಪೈಪುಗಳ ನೈಟ್ರೈಲ್ ಎಂಬ ಜಾತಿಯ ರಬ್ಬರಿನೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ, ರಬ್ಬರನ್ನು ಮೆತ್ತಗಿಡಲು ಬೆರೆಸಿರುವ ಎಣ್ಣೆಯಂಥ ಪದಾರ್ಥವನ್ನು ಕರಗಿಸಿ ಹೊತ್ತೊಯ್ಯುತ್ತದೆ. ಗಾಡಿ ವಾರಗಟ್ಟಲೆ ನಿಂತಾಗ ಪೈಪಿನಲ್ಲಿದ್ದ ಪೆಟ್ರೋಲ್ ಆರಿ, ಉಬ್ಬಿದ ರಬ್ಬರು ಮೊದಲಿಗಿಂತ ಜಾಸ್ತಿ ಕುಗ್ಗಿ ಬಿರಿಯುತ್ತದೆ. ದಿನಾ ಓಡುವ ಗಾಡಿಗಿಂತ ನಿಮ್ಮ ಹಾಗೆ ಅಪರೂಪಕ್ಕೆ ತೆಗೆಯುವವರ ಗಾಡಿಯಲ್ಲೇ ಈ ತೊಂದರೆ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ಆದರೂ ಇಪ್ಪತ್ತೈದು ವರ್ಷ ದಾಟಿದ ರಬ್ಬರ್ ಪೈಪು ಶುದ್ಧ ಪೆಟ್ರೋಲಿನಲ್ಲೂ ಸೋರುತ್ತಿತ್ತು. ಮೊದಲ ಅಪರಾಧಿ ವಯಸ್ಸು, ಎಥೆನಾಲ್ ಜೊತೆಗಾರ. ಹಾಗಾಗಿ ಗಾಡಿ ಮಾರುವ ಮಾತು ಬಿಡಿ. ಎಥೆನಾಲ್ ತಡೆಯುವ ಪೈಪ್ ಹಾಕಿ, ಇನ್ನೂ ಬಹಳ ವರ್ಷ ಓಡಿಸಿ.

ಈಗ ಒದ್ದೆ ಎಲ್ಲಿಂದ ಬಂತು ಎಂದು ನಿಜವಾಗಿ ಪತ್ತೆ ಮಾಡಬೇಕು. ಒದ್ದೆ ಕಂಡ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ಪೆಟ್ರೋಲ್ ಪೈಪಿನ ಹೊರಮೈ ಹಿಡಿದು ತಗ್ಗಿಗೆ ಹರಿದು, ತುದಿಯಲ್ಲಿ ನಿಂತು ಅಲ್ಲಿ ಕಾಣಿಸಿಕೊಳ್ಳುತ್ತದೆ. ಬಟ್ಟೆಯಿಂದ ಪೈಪು, ಪಂಪು, ಕಾರ್ಬ್ಯುರೇಟರ್ ಎಲ್ಲ ಒಣಗುವ ಹಾಗೆ ಒರೆಸಿ, ಒಂದೊಂದು ಜೋಡಣೆಯ ಕೆಳಗೂ ಬಿಳಿ ಟಿಶ್ಯೂ ಕಾಗದದ ತುಂಡು ಸುತ್ತಿಡಿ. ಅರ್ಧ ದಿನ ಬಿಟ್ಟು ನೋಡಿ. ಪೆಟ್ರೋಲ್ ಬೇಗ ಆರಿಹೋದರೂ ಕಾಗದದ ಮೇಲೆ ಕಲೆ ಉಳಿಯುತ್ತದೆ. ಹಳೆಯ ಸೋರಿಕೆಯಾದರೆ ಧೂಳು ಅಂಟಿಕೊಂಡು ಕಪ್ಪು ಜಿಡ್ಡಿನ ಉಂಗುರವೂ ಆಗಿರುತ್ತದೆ.

ನಿಮ್ಮ ಗಾಡಿಯಲ್ಲಿ ಟ್ಯಾಂಕ್ ಹಿಂದೆ, ಪಂಪ್ ಮುಂದೆ. ಪಂಪ್ ಎಂಜಿನ್ನಿನ ತಲೆಗೇ ಕೂತಿದೆ, ಕ್ಯಾಮ್‌ಶಾಫ್ಟ್ ಅದರ ಸನ್ನೆಯನ್ನು ಒತ್ತಿ ಒತ್ತಿ ನಡೆಸುತ್ತದೆ. ಟ್ಯಾಂಕಿನಿಂದ ಲೋಹದ ಪೈಪು ಗಾಡಿಯ ಹೊಟ್ಟೆಯಡಿ ಬಂದು, ಬಾನೆಟ್ಟಿನ ಕೆಳಗೆ ರಬ್ಬರ್ ಪೈಪಿನ ಮೂಲಕ ಫಿಲ್ಟರು, ಪಂಪಿಗೆ ಸೇರುತ್ತದೆ. ಪಂಪಿನಿಂದ ಇನ್ನೊಂದು ಕಾರ್ಬ್ಯುರೇಟರಿಗೆ, ಮತ್ತೊಂದು ಉಳಿದ ಪೆಟ್ರೋಲನ್ನು ವಾಪಸ್ ಟ್ಯಾಂಕಿಗೆ ಒಯ್ಯುವುದು. ಇವಲ್ಲದೆ ಟ್ಯಾಂಕಿನ ಆವಿಯ ಪೈಪು. ಇದು ತಿಳಿದಿದ್ದರೆ ಸೋರಿಕೆಯ ನಡತೆಯಿಂದಲೇ ಜಾಗ ಊಹಿಸಬಹುದು. ಪಂಪಿಗೆ ಬರುವ ಪೈಪು ಎಳೆತದ ಕಡೆಯದು. ಅಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುತ್ತದೆ, ಏರಿನಲ್ಲಿ ಮುಕ್ಕರಿಸುತ್ತದೆ. ನೋಡಿದರೆ ಒಂದು ತೊಟ್ಟೂ ಇಲ್ಲ. ಎಷ್ಟೋ ಮಂದಿ ಇದಕ್ಕೆ ಕಾರ್ಬ್ಯುರೇಟರ್ ಬಿಚ್ಚಿಸಿ ದುಡ್ಡು ಕಳೆಯುತ್ತಾರೆ. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಪೈಪು ಒತ್ತಡದ ಕಡೆಯದು, ಅದು ಓಡುವಾಗಲೇ ಸೋರುತ್ತದೆ. ಅತ್ಯಂತ ಅಪಾಯದ್ದು ಇದೇ.

ಪೈಪಿನ ಮೇಲೆ ತಪ್ಪು ಹೊರಿಸುವ ಮೊದಲು ಇನ್ನೆರಡು ಕಡೆ ನೋಡಿ. ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತಿರುತ್ತದೆ, ಒಳಗಿನ ರಬ್ಬರ್ ಪರದೆ ಹರಿದರೆ ಪೆಟ್ರೋಲ್ ಅಲ್ಲಿಂದ ಜಿನುಗುತ್ತದೆ. ಆಗ ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿ. ಎಂಜಿನ್ ಆಯಿಲಿಗೆ ಪೆಟ್ರೋಲ್ ವಾಸನೆ ಬಂದರೆ ಪಂಪ್ ಹೋಗಿದೆ, ಪಂಪೂ ಬದಲಿಸಬೇಕು, ಆಯಿಲೂ ಬದಲಿಸಬೇಕು. ಇನ್ನೊಂದು ಕಾರ್ಬ್ಯುರೇಟರ್: ಒಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಸೂಜಿ ಸವೆದಿದ್ದರೆ ಪೆಟ್ರೋಲ್ ತುಂಬಿ ಮೇಲಿನಿಂದಲೇ ಉಕ್ಕುತ್ತದೆ. ಈ ಎರಡಕ್ಕೂ ಪೈಪ್ ಬದಲಿಸಿ ಪ್ರಯೋಜನವಿಲ್ಲ. ನಿಮ್ಮ ಕಡೆ ಮಲೆನಾಡಿನಲ್ಲಿ ಮೂರನೆಯ ಗಿರಾಕಿಯೊಬ್ಬ ಇದ್ದಾನೆ, ಇಲಿ. ನಿಂತ ಗಾಡಿಯ ಬಾನೆಟ್ಟಿನೊಳಗೆ ಬೆಚ್ಚಗೆ ಕೂತು ರಬ್ಬರ್ ಕಡಿಯುವುದೆಂದರೆ ಅದಕ್ಕೆ ಹಬ್ಬ. ಹಲ್ಲಿನ ಗುರುತು ಕಂಡರೆ ಪೆಟ್ರೋಲ್ ಪೈಪಿನ ಜೊತೆ ವೈರುಗಳನ್ನೂ ಪೂರ್ತಿ ನೋಡಿಬಿಡಿ. ತೊಗಟೆ ಕಿತ್ತ ವೈರು, ಸೋರುವ ಪೆಟ್ರೋಲು ಒಂದೇ ಕಡೆ ಸೇರಬಾರದು.

ಗಾಡಿಗೆ ಹಿಂದೆ ಯಾವಾಗಲಾದರೂ ಗ್ಯಾಸ್ ಕಿಟ್ ಹಾಕಿಸಿದ್ದರೆ ಅದನ್ನೂ ಗಮನಿಸಿ. ಪೆಟ್ರೋಲ್ ನಿಲ್ಲಿಸಲು ಪಂಪು, ಕಾರ್ಬ್ಯುರೇಟರಿನ ನಡುವೆ ಒಂದು ಸೊಲೆನಾಯ್ಡ್ ವಾಲ್ವ್ ಕೂರಿಸಿರುತ್ತಾರೆ. ಎಷ್ಟೋ ಗಾಡಿಗಳಲ್ಲಿ ಕಿಟ್ ಬಿಚ್ಚಿ ಮಾರಿದರೂ ಆ ವಾಲ್ವು, ಅದರ ಎರಡು ಕಡೆಯ ಪೈಪು, ಕ್ಲಿಪ್ಪುಗಳು ಹಾಗೇ ಉಳಿದಿರುತ್ತವೆ. ಬೇಡದ ಜೋಡಣೆ ಇಟ್ಟುಕೊಂಡು ಸೋರಿಸಿಕೊಳ್ಳುವುದೇಕೆ? ಕಿಟ್ ಇಲ್ಲ ಎಂದಾದರೆ ವಾಲ್ವ್ ತೆಗೆದು ಒಂದೇ ತುಂಡು ಪೈಪ್ ಹಾಕಿ, ಬಿಟ್ಟ ವೈರಿನ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ಇನ್ನು ಪೈಪಿನ ವಿಚಾರ. ಅಂಗಡಿಯವರು ತೋರಿಸಿದ ಮೂರು ಬಗೆ ಯಾವುದಿರಬಹುದು ಎಂದು ಊಹಿಸಬಲ್ಲೆ. ಒಂದು, ಪಾರದರ್ಶಕ ಪ್ಲಾಸ್ಟಿಕ್ ಪೈಪು. ಪೆಟ್ರೋಲ್ ಓಡುವುದು ಕಣ್ಣಿಗೆ ಕಾಣುತ್ತದೆ ಎಂದು ಇದನ್ನು ಇಷ್ಟಪಡುವವರಿದ್ದಾರೆ. ಬೇಡ. ಪೆಟ್ರೋಲ್ ತಾಗಿ ಕೆಲವೇ ತಿಂಗಳಲ್ಲಿ ಹಳದಿಯಾಗಿ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ, ಎಂಜಿನ್ ಕಾವಿಗೆ ಮೂತಿಯಲ್ಲಿ ಸಡಿಲಾಗಿ ಕಳಚಿಕೊಳ್ಳುತ್ತದೆ. ಎರಡು, ಬಟ್ಟೆ ಹೆಣೆದ ಮಾಮೂಲಿ ಕಪ್ಪು ರಬ್ಬರ್ ಪೈಪು, ಮೇಲೆ ಏನೂ ಬರೆದಿರುವುದಿಲ್ಲ. ಅದು ರೇಡಿಯೇಟರ್ ನೀರಿನದೋ, ಗಾಳಿಯದೋ, ಪೆಟ್ರೋಲಿನದೋ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ರೇಡಿಯೇಟರ್ ಪೈಪಿನ ರಬ್ಬರು ಇಪಿಡಿಎಂ ಎಂಬ ಜಾತಿಯದು, ನೀರಿಗೂ ಕಾವಿಗೂ ಗಟ್ಟಿಮುಟ್ಟು, ಪೆಟ್ರೋಲಿನಲ್ಲಿ ಮಾತ್ರ ನೆನೆಸಿದ ಕಡಲೆಯ ಹಾಗೆ ಊದಿಕೊಳ್ಳುತ್ತದೆ. ಗಾತ್ರ ಸರಿಹೊಂದುತ್ತದೆ ಎಂದು ಅದನ್ನು ಹಾಕಿದರೆ ಸ್ವಲ್ಪ ದಿನದಲ್ಲೇ ಮೂತಿಯಿಂದ ಜಾರುತ್ತದೆ.

ಮೂರನೆಯದು, ಮೈಮೇಲೆ ಅಕ್ಷರ ಮುದ್ರಿಸಿದ ಪೈಪು. ಬೇಕಾದ್ದು ಅದು. ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ30 ಎಂಬ ಮಾನದಂಡದ ಹೆಸರು ಅದರ ಮೇಲೆ ಇರುತ್ತದೆ, ಪಕ್ಕದಲ್ಲಿ ಆರ್6, ಆರ್7, ಆರ್9 ಎಂದು ದರ್ಜೆ. ಆರ್6, ಆರ್7 ಕಾರ್ಬ್ಯುರೇಟರ್ ಗಾಡಿಯ ಕಡಿಮೆ ಒತ್ತಡದ ಕೆಲಸಕ್ಕೆ. ಆರ್9 ಇಂಜೆಕ್ಷನ್ ಗಾಡಿಯ, ಅಂದರೆ ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಗಾಡಿಯ, ಹೆಚ್ಚಿನ ಒತ್ತಡಕ್ಕೆ, ಅದರ ಒಳಮೈಗೆ ಫ್ಲೋರೋ ರಬ್ಬರಿನ ತೆಳುವಾದ ಪದರ ಇರುತ್ತದೆ. ನಿಮ್ಮ ಪಂಪಿನ ಒತ್ತಡ 0.2ರಿಂದ 0.3 ಬಾರ್, ಟೈರಿಗೆ ಹೊಡೆಸುವ ಗಾಳಿಯ ಹತ್ತನೇ ಒಂದು ಪಾಲಿನ ಆಸುಪಾಸು. ಒತ್ತಡದ ಲೆಕ್ಕಕ್ಕೆ ಆರ್7 ಧಾರಾಳ ಸಾಕು. ಆದರೂ ನನ್ನ ಸಲಹೆ ಆರ್9. ಒತ್ತಡಕ್ಕಲ್ಲ, ಆ ಒಳಪದರ ಎಥೆನಾಲನ್ನು ಚೆನ್ನಾಗಿ ತಡೆಯುತ್ತದೆ, ಆವಿಯನ್ನೂ ಹೊರಗೆ ಬಿಡುವುದಿಲ್ಲ ಎಂಬ ಕಾರಣಕ್ಕೆ. ಬೆಲೆ ಜಾಸ್ತಿ, ಹೌದು. ನಿಮಗೆ ಬೇಕಾಗುವುದು ಒಂದೂವರೆ ಮೀಟರಿನಷ್ಟು. ಅಲ್ಲಿ ಉಳಿತಾಯ ನೋಡುವುದು ಬೇಡ.

ಮುದ್ರೆ ನಂಬುವುದು ಹೇಗೆ ಎಂದು ಕೇಳುತ್ತೀರಿ. ನಕಲಿ ಮಾಡುವವನಿಗೆ ಬಿಳಿ ಬಣ್ಣದಲ್ಲಿ ‘ಆರ್9’ ಎಂದು ಅಚ್ಚು ಹೊಡೆಯುವುದು ಕಷ್ಟವಲ್ಲ. ಎರಡು ಪರೀಕ್ಷೆ ಇವೆ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಅಸಲಿ ಆರ್9ನಲ್ಲಿ ಒಳಗಿನ ತೆಳು ಪದರ, ನಡುವಿನ ನೂಲಿನ ಹೆಣಿಗೆ, ಹೊರಗಿನ ರಬ್ಬರು ಬೇರೆಬೇರೆಯಾಗಿ ಕಾಣುತ್ತವೆ. ಒಂದೇ ಕಪ್ಪು ಮುದ್ದೆಯಾಗಿದ್ದರೆ ಅನುಮಾನಪಡಿ. ಎರಡನೆಯದು ಮನೆಯಲ್ಲಿ: ಒಂದಿಂಚು ತುಂಡು ಕೊಯ್ದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಪೆಟ್ರೋಲ್ ಹಾಕಿ, ಮುಚ್ಚಳ ಬಿಗಿದು, ಮನೆಯ ಹೊರಗೆ ನೆರಳಲ್ಲಿ ಎರಡು ದಿನ ಇಡಿ. ತೆಗೆದಾಗ ಪೆಟ್ರೋಲ್ ಕಪ್ಪಾಗಿದ್ದರೆ, ಒಳಗಿನ ತೂತು ಕಣ್ಣಿಗೆ ಕಾಣುವಷ್ಟು ಬದಲಾಗಿದ್ದರೆ, ಉಗುರಿನಿಂದ ಒತ್ತಿದಾಗ ಒಳಮೈ ಜಿಗುಟಾಗಿದ್ದರೆ ಆ ಪೈಪ್ ಗಾಡಿಗೆ ಬೇಡ. ತಯಾರಾದ ವರ್ಷವೂ ಒಳ್ಳೆಯ ಪೈಪಿನ ಮೇಲೆ ಇರುತ್ತದೆ. ಅಂಗಡಿಯ ಮೂಲೆಯಲ್ಲಿ ಹತ್ತು ವರ್ಷ ಸುರುಳಿ ಸುತ್ತಿ ಬಿದ್ದಿದ್ದು ಬೇಡ. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿಸಿ. ಅಳತೆ ಮತ್ತು ದರ್ಜೆ ಚೀಟಿಯಲ್ಲಿ ಬರೆದು ಕಳಿಸಿ, ‘ಪೆಟ್ರೋಲ್ ಪೈಪ್ ಕೊಡಿ’ ಎಂದರೆ ಮತ್ತೆ ಅದೇ ಪಾರದರ್ಶಕ ಪೈಪ್ ಬರುತ್ತದೆ.

ಅಳತೆ ತೆಗೆಯುವಾಗ ಹಳೆಯ ರಬ್ಬರಿನ ಒಳಗಾತ್ರ ನಂಬಬೇಡಿ, ಅದು ಊದಿ ಹಿಗ್ಗಿರುತ್ತದೆ. ಲೋಹದ ಮೂತಿಯ ಹೊರಗಾತ್ರವನ್ನು ವರ್ನಿಯರಿನಿಂದ ಅಳೆಯಿರಿ, ತುದಿಯ ಉಬ್ಬಿನ ಮೇಲಲ್ಲ, ಅದರ ಹಿಂದಿನ ನೇರ ಭಾಗದಲ್ಲಿ. ಪೈಪಿನ ಒಳಗಾತ್ರ ಮೂತಿಗೆ ಸಮನಾಗಿರಬೇಕು ಅಥವಾ ಕೂದಲೆಳೆಯಷ್ಟು ಕಡಿಮೆ. ದೊಡ್ಡ ಪೈಪ್ ಹಾಕಿ ಕ್ಲಿಪ್ಪಿನಿಂದ ಹಿಸುಕಿ ಕೂರಿಸುವುದು ಸಲ್ಲ, ರಬ್ಬರು ಒಂದು ಕಡೆ ಮಡಿಚಿಕೊಂಡು ಆ ಮಡಿಕೆಯಲ್ಲೇ ದಾರಿ ಬಿಡುತ್ತದೆ. ಹೋಗುವ ಪೈಪೂ ವಾಪಸ್ ಬರುವ ಪೈಪೂ ಒಂದೇ ಗಾತ್ರ ಅಂದುಕೊಳ್ಳದೆ ಒಂದೊಂದನ್ನೂ ಬೇರೆಯಾಗಿ ಅಳೆಯಿರಿ. ಅಂಗಡಿಯಲ್ಲಿ ವರ್ನಿಯರ್ ಇಲ್ಲದಿದ್ದರೆ ಹೊಸ ಪೈಪಿನ ಒಳಗಾತ್ರ ನೋಡಲು ಡ್ರಿಲ್ ಬಿಟ್ಟಿನ ಹಿಂಭಾಗ ತೂರಿಸಿ ನೋಡಿದರೂ ತಿಳಿಯುತ್ತದೆ.

ಕ್ಲಿಪ್ಪಿನಲ್ಲೂ ಇದೇ ಜಾಣತನ ಬೇಕು. ಪಟ್ಟಿಯ ಮೇಲೆ ಸೀಳು ಸೀಳಾಗಿ ಹಲ್ಲು ಕೊರೆದ ಮಾಮೂಲಿ ಸ್ಕ್ರೂ ಕ್ಲಿಪ್ ದೊಡ್ಡ ರೇಡಿಯೇಟರ್ ಪೈಪಿಗೆ ಸರಿ. ಪೆನ್ಸಿಲ್ ದಪ್ಪದ ಪೈಪಿಗೆ ಹಾಕಿದರೆ ಅದು ದುಂಡಗೆ ಕೂರುವುದಿಲ್ಲ, ಆ ಸೀಳುಗಳೊಳಗೆ ರಬ್ಬರು ತುರುಕಿಕೊಂಡು ಹರಿಯುತ್ತದೆ. ಅಂಚು ಮೇಲಕ್ಕೆ ಮಡಿಚಿದ, ಸಣ್ಣ ಬೋಲ್ಟು ನಟ್ಟಿನಿಂದ ಬಿಗಿಯುವ ಚಿಕ್ಕ ಕ್ಲಿಪ್ಪುಗಳು ಸಿಗುತ್ತವೆ, ಇಂಜೆಕ್ಷನ್ ಕ್ಲಿಪ್ ಎಂದರೆ ಕೊಡುತ್ತಾರೆ. ಅವನ್ನೇ ತನ್ನಿ. ಗಾಡಿಯಲ್ಲಿ ಮೊದಲಿಂದ ಇರುವ ಸ್ಪ್ರಿಂಗ್ ಕ್ಲಿಪ್ ಕೂಡ ಒಳ್ಳೆಯದೇ, ಆದರೆ ಆರ್9ರ ಗೋಡೆ ದಪ್ಪ, ಹಳೆಯ ಕ್ಲಿಪ್ ಅದಕ್ಕೆ ಸಾಲದೇ ಹೋಗಬಹುದು. ತುಕ್ಕು ಹಿಡಿದು ಬಿಗಿ ಕಳೆದುಕೊಂಡಿದ್ದರಂತೂ ಎಸೆಯಿರಿ. ಬೈಂಡಿಂಗ್ ವೈರ್ ಸುತ್ತಿ ಕಟಿಂಗ್ ಪ್ಲೇಯರಿನಲ್ಲಿ ತಿರುಚುವ ಪಂಪ್‌ಸೆಟ್ ಉಪಾಯ ಇಲ್ಲಿ ಬೇಡ.

ಒದ್ದೆಯಾದ ಒಂದನ್ನೇ ಬದಲಿಸಿ ಉಳಿದದ್ದನ್ನು ಬಿಡಬೇಡಿ. ಎಲ್ಲ ಪೈಪೂ ಒಂದೇ ವಯಸ್ಸಿನವು, ಒಂದೇ ಕಾವು ತಿಂದವು. ಇವತ್ತು ಒಂದು, ಮುಂದಿನ ತಿಂಗಳು ಇನ್ನೊಂದು. ಬಾನೆಟ್ಟಿನ ಕೆಳಗಿನದೆಲ್ಲ ಒಟ್ಟಿಗೇ ಬದಲಿಸಿ, ಪೆಟ್ರೋಲ್ ಫಿಲ್ಟರನ್ನೂ ಸೇರಿಸಿ.

ಸುರಕ್ಷತೆಯ ಮಾತು ಕೊಂಚ ಉದ್ದ ಆಗುತ್ತದೆ, ಬೇಸರಿಸಬೇಡಿ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆವಿಯ ಪಾಲು ನೂರಕ್ಕೆ ಒಂದೂವರೆಯಷ್ಟಾದರೂ ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೆ ಹೋಗದೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಶೆಡ್ಡಿನಲ್ಲಿ ಬೇಡ, ಗಾಡಿ ರಿಪೇರಿಯ ಗುಂಡಿಯ ಮೇಲೆ ಖಂಡಿತ ಬೇಡ, ಊರಿನ ಅಪಾರ್ಟ್‌ಮೆಂಟಿನಲ್ಲಿರುವವರಾದರೆ ನೆಲಮಾಳಿಗೆಯ ಪಾರ್ಕಿಂಗ್ ಕೂಡದು. ಅಂಗಳದಲ್ಲಿ, ಗಾಳಿ ಬೀಸುವ ಬಯಲಲ್ಲಿ ಮಾಡಿ. ಬಚ್ಚಲ ಒಲೆ ಹತ್ತಿರವಿದ್ದರೆ ಅವತ್ತು ಉರಿ ಹಾಕುವುದು ಬೇಡ ಎಂದು ಮನೆಯಲ್ಲಿ ಹೇಳಿಡಿ, ಈ ಒಲೆಯ ವಿಚಾರ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯೆಲ್ಲ ನಿಂತ ಗಾಡಿಯಾದರೆ ಉತ್ತಮ. ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿ, ಆಮೇಲೆ ಪೆಟ್ರೋಲ್ ಪೈಪಿನ ಕಡೆ ಕೈ ಹಾಕಿ, ಈ ಕ್ರಮ ತಲೆಕೆಳಗಾದರೆ ಟರ್ಮಿನಲ್ ಕಿತ್ತಾಗ ಬರುವ ಕಿಡಿಗೆ ಆವಿ ಸಿದ್ಧವಾಗಿ ಕಾದಿರುತ್ತದೆ. ಬಲ್ಬಿನ ಹ್ಯಾಂಡ್‌ಲ್ಯಾಂಪ್ ಬೇಡ, ಹಗಲು ಬೆಳಕೇ ಸಾಕು. ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ, ಇಲ್ಲವೇ ಎರಡು ಬಕೆಟ್ ಒಣ ಮರಳು. ನೀರು ಹಾಕಿದರೆ ಪೆಟ್ರೋಲ್ ಅದರ ಮೇಲೆ ತೇಲಿ ಬೆಂಕಿ ಇನ್ನಷ್ಟು ಹರಡುತ್ತದೆ. ಒಬ್ಬರೇ ಮಾಡಬೇಡಿ, ಬೀಡಿ ಸಿಗರೇಟು ಸೇದದ ಒಬ್ಬರು ಜೊತೆಗಿರಲಿ.

ಕೆಲಸ ಶುರು ಮಾಡುವಾಗ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಹಾಕಿ. ಬಿಸಿಲಿಗೆ ಟ್ಯಾಂಕಿನೊಳಗೆ ಒತ್ತಡ ಕಟ್ಟಿಕೊಂಡಿದ್ದರೆ ಪೈಪ್ ಕಿತ್ತ ತಕ್ಷಣ ಪೆಟ್ರೋಲ್ ಚಿಮ್ಮುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಸಲೀಸು. ಗಾಡಿಯ ಮೂತಿ ತಗ್ಗಿಗೆ ನಿಂತಿರಬಾರದು, ಹಿಂದಿನ ಟ್ಯಾಂಕಿನಿಂದ ತಾನೇ ಹರಿದು ಬರುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು ಮೊಬೈಲ್ ಮನೆಯೊಳಗಿಡಿ. ಪಂಪಿನ ಮೂತಿಗಳು ನೋಡಲು ಒಂದೇ ತರಹ. ಪಂಪಿಗೆ ಬರುವ ಪೈಪೂ ಹೋಗುವ ಪೈಪೂ ಅದಲುಬದಲಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಆದ್ದರಿಂದ ಒಂದು ಪೈಪ್ ಬಿಚ್ಚಿ, ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ.

ಹಳೆಯ ಪೈಪನ್ನು ಎಳೆದು ಕೀಳಬೇಡಿ. ಕಾರ್ಬ್ಯುರೇಟರಿನ ಮೂತಿ, ಪಂಪಿನ ಮೂತಿ ಒಳಗೆ ಒತ್ತಿ ಕೂರಿಸಿದ ತೆಳು ಕೊಳವೆಗಳು, ಜಗ್ಗಿದರೆ ಸಡಿಲಾಗುತ್ತವೆ. ಹಾಗಾದರೆ ಪೈಪಿನ ಕೆಲಸ ಹೋಗಿ ಪಂಪ್ ಕೊಳ್ಳುವ ಕೆಲಸ ಆಗುತ್ತದೆ. ಕ್ಲಿಪ್ ಹಿಂದಕ್ಕೆ ಸರಿಸಿ, ಪೈಪನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ. ಅಂಟಿಕೊಂಡಿದ್ದರೆ ಉದ್ದಕ್ಕೆ ಬ್ಲೇಡಿನಿಂದ ರಬ್ಬರನ್ನು ಮಾತ್ರ ಸೀಳಿ ಬಿಡಿಸಿ, ಲೋಹದ ಮೇಲೆ ಬ್ಲೇಡಿನ ಗೀರು ಬೀಳಬಾರದು. ಉದ್ದುದ್ದ ಗೀರು ಬಿದ್ದರೆ ಹೊಸ ಪೈಪೂ ಅದೇ ದಾರಿಯಲ್ಲಿ ಸೋರುತ್ತದೆ. ಕೆಳಗೆ ಬಟ್ಟೆ ಹಿಡಿದಿರಿ, ಸ್ವಲ್ಪ ಪೆಟ್ರೋಲ್ ಬಂದೇ ಬರುತ್ತದೆ. ಟ್ಯಾಂಕಿನ ಕಡೆಯ ತುದಿ ತೊಟ್ಟಿಕ್ಕುತ್ತಲೇ ಇದ್ದರೆ ಸರಿಹೊಂದುವ ಬೋಲ್ಟೊಂದನ್ನು ಹಳೆಯ ರಬ್ಬರಿಗೆ ತುರುಕಿ ಅಡ್ಡ ಹಾಕಿ.

ಹೊಸ ಪೈಪನ್ನು ಹೊಸ ಬ್ಲೇಡಿನಿಂದ ನೇರವಾಗಿ, ಒಂದೇ ಎಳೆತಕ್ಕೆ ಕತ್ತರಿಸಿ. ಹ್ಯಾಕ್ಸಾ ಗರಗಸದಿಂದ ಕೊಯ್ದರೆ ರಬ್ಬರಿನ ಪುಡಿ ಒಳಗೆ ಬಿದ್ದು ಕಾರ್ಬ್ಯುರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಹೋಗಿ ಕೂರುತ್ತದೆ. ಮೂತಿಯ ತುಕ್ಕನ್ನು ಬಟ್ಟೆಯಿಂದ ಉಜ್ಜಿ ನುಣುಪಾಗಿಸಿ, ಒಂದು ಹನಿ ಎಂಜಿನ್ ಆಯಿಲ್ ಹಚ್ಚಿ, ಕ್ಲಿಪ್ಪನ್ನು ಮೊದಲೇ ಪೈಪಿಗೆ ತೂರಿಸಿಟ್ಟು ತಿರುಗಿಸುತ್ತಾ ಒತ್ತಿ. ಪೈಪು ಉಬ್ಬನ್ನು ದಾಟಿ ಸುಮಾರು ಇಂಚಿನಷ್ಟು ಒಳಗೆ ಹೋಗಬೇಕು, ಮೂತಿ ಗಿಡ್ಡವಿದ್ದರೆ ಬುಡದವರೆಗೆ. ಕ್ಲಿಪ್ ಕೂರುವ ಜಾಗ ಉಬ್ಬಿನ ಹಿಂದೆ, ಉಬ್ಬಿನ ಮೇಲಲ್ಲ, ಪೈಪಿನ ತುಟ್ಟತುದಿಯಲ್ಲೂ ಅಲ್ಲ. ರಬ್ಬರು ಕ್ಲಿಪ್ಪಿನ ಎರಡೂ ಬದಿಗೆ ಸ್ವಲ್ಪ ಉಬ್ಬಿದಂತೆ ಕಂಡರೆ ಸಾಕು, ಅಲ್ಲಿಗೆ ನಿಲ್ಲಿಸಿ. ಎಂ-ಸೀಲ್, ಸಿಲಿಕಾನ್ ಗಮ್, ಟೆಫ್ಲಾನ್ ಟೇಪ್ ಇತ್ಯಾದಿಗಳಿಗೆ ಇಲ್ಲಿ ಕೆಲಸವಿಲ್ಲ. ಸಿಲಿಕಾನ್ ಪೆಟ್ರೋಲಿನಲ್ಲಿ ಉಬ್ಬಿ ಎದ್ದುಬರುತ್ತದೆ, ಅದರ ಚೂರು ಒಳಗೆ ಹೋಗಿ ಜೆಟ್ ಕಟ್ಟುತ್ತದೆ.

ಆರ್9 ಸ್ವಲ್ಪ ಬಿರುಸು, ಹಳೆಯದರಷ್ಟು ಬಳುಕುವುದಿಲ್ಲ. ಹಳೆಯ ಉದ್ದಕ್ಕೇ ಕತ್ತರಿಸಿ ಬಗ್ಗಿಸಿದರೆ ನಡುವೆ ಮುರಿದಂತೆ ಮಡಿಚಿಕೊಳ್ಳಬಹುದು, ಎಳೆತದ ಕಡೆಯಲ್ಲಿ ಹಾಗಾದರೆ ಪೆಟ್ರೋಲ್ ಬರುವುದೇ ಇಲ್ಲ. ದೊಡ್ಡ ಬಳಸಿನಲ್ಲಿ ತಿರುಗುವಷ್ಟು ಉದ್ದ ಬಿಡಿ. ಎಕ್ಸಾಸ್ಟಿನಿಂದ ದೂರ, ಬೆಲ್ಟಿಗೆ ತಾಗದ ಹಾಗೆ, ತಗಡಿನ ಅಂಚಿಗೆ ಉಜ್ಜದ ಹಾಗೆ ಹಾಯಿಸಿ. ಎಂಜಿನ್ ಓಡುವಾಗ ಕುಲುಕಾಡುತ್ತದೆ, ನಿಂತ ಗಾಡಿಯಲ್ಲಿ ಅರ್ಧ ಇಂಚು ದೂರ ಕಂಡದ್ದು ಓಡುವಾಗ ತಾಗುತ್ತದೆ. ಫಿಲ್ಟರಿನ ಮೇಲಿನ ಬಾಣ ಪಂಪಿನ ಕಡೆಗಿರಲಿ.

ಆಮೇಲೆ ಚೆಲ್ಲಿದ್ದೆಲ್ಲ ಒರೆಸಿ, ಒರೆಸಿದ ಬಟ್ಟೆಗಳನ್ನು ದೂರ ಬಿಸಿಲಿಗೆ ಹರವಿ, ವಾಸನೆ ಪೂರ್ತಿ ಹೋಗುವವರೆಗೆ ಕಾದು ಬ್ಯಾಟರಿ ಜೋಡಿಸಿ. ಖಾಲಿಯಾದ ಪೈಪು ತುಂಬಲು ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ, ಒಮ್ಮೆಗೆ ಐದಾರು ಸೆಕೆಂಡ್, ನಡುವೆ ಬಿಡುವು. ಸ್ಟಾರ್ಟ್ ಆದ ಮೇಲೆ ಜೊತೆಗಿದ್ದವರು ಕೀ ಹಿಡಿದು ಒಳಗೆ ಕೂತಿರಲಿ, ನೀವು ಪ್ರತಿ ಜೋಡಣೆಯನ್ನೂ ಕಣ್ಣಿನಿಂದ ನೋಡಿ. ಹನಿ ಕಂಡರೆ ಆಫ್ ಮಾಡಿಸಿ, ಓಡುವ ಎಂಜಿನ್ನಿನ ಮೇಲೆ ಕ್ಲಿಪ್ ಬಿಗಿಯಲು ಹೋಗಬೇಡಿ. ಎಂಜಿನ್ ಕಾದ ಮೇಲೆ ಇನ್ನೊಮ್ಮೆ, ಮರುದಿನ ತಣ್ಣಗಿದ್ದಾಗ ಟಿಶ್ಯೂ ಸುತ್ತಿ ಮತ್ತೊಮ್ಮೆ. ಒಂದು ವಾರದ ನಂತರ ಕ್ಲಿಪ್ಪುಗಳನ್ನು ಕಾಲು ಸುತ್ತು ಬಿಗಿ ಮಾಡಬೇಕಾಗಬಹುದು, ಹೊಸ ರಬ್ಬರು ಸ್ವಲ್ಪ ಕೂರುತ್ತದೆ.

ಇಷ್ಟೂ ನಿಮ್ಮ ಕಾರ್ಬ್ಯುರೇಟರ್ ಗಾಡಿಗೆ ಹೇಳಿದ್ದು. 2000ದ ಸುಮಾರಿಗೆ ಬಂದ ಎಂಪಿಎಫ್‌ಐ, ಅಂದರೆ ಇಂಜೆಕ್ಷನ್ ಮಾರುತಿ 800, ಅದರಾಚೆಗಿನ ಯಾವುದೇ ಇಂಜೆಕ್ಷನ್ ಗಾಡಿ ಇಟ್ಟುಕೊಂಡವರು ಇದನ್ನು ಓದಿ ಹಾಗೇ ಕೈ ಹಾಕಬಾರದು. ಅಲ್ಲಿ ಪಂಪ್ ಟ್ಯಾಂಕಿನೊಳಗೆ, ಒತ್ತಡ 2.5ರಿಂದ 3 ಬಾರ್. ಎಂಜಿನ್ ಆಫ್ ಮಾಡಿದರೂ ಒತ್ತಡ ಪೈಪಿನಲ್ಲಿ ಉಳಿದಿರುತ್ತದೆ, ಬಿಚ್ಚಿದರೆ ತೊಟ್ಟಿಕ್ಕುವುದಿಲ್ಲ, ಮಂಜಿನಂತೆ ಚಿಮ್ಮುತ್ತದೆ. ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಮತ್ತೆರಡು ಸಲ ಸೆಲ್ಫ್ ಹೊಡೆದು ಒತ್ತಡ ಇಳಿಸಿದ ಮೇಲಷ್ಟೇ ಮುಂದಿನ ಮಾತು. ಒತ್ತಿದರೆ ಕಳಚುವ ಕ್ವಿಕ್ ಕನೆಕ್ಟರ್ ಇರುವ ನೈಲಾನ್ ಪೈಪುಗಳಿಗೆ ಬದಲಾಗಿ ರಬ್ಬರು, ಕ್ಲಿಪ್ ಹಾಕುವುದು ಆಟವಲ್ಲ, ಕಂಪನಿಯ ಪೈಪನ್ನೇ ತರಿಸಬೇಕು. ಟ್ಯಾಂಕಿನೊಳಗೆ ಮುಳುಗಿರುವ ಪೈಪಿಗಂತೂ ಆರ್10 ಎಂಬ ಬೇರೆಯೇ ದರ್ಜೆ ಇದೆ. ಆರ್9ರ ಹೊರಮೈ ಪೆಟ್ರೋಲಿನಲ್ಲಿ ಮುಳುಗಿರಲು ಮಾಡಿದ್ದಲ್ಲ.

ನಿಮ್ಮ ಗಾಡಿಯಲ್ಲೂ ಒಂದು ಗಡಿ ಹಾಕಿಕೊಳ್ಳಿ. ಹೊಟ್ಟೆಯಡಿಯ ಲೋಹದ ಪೈಪುಗಳನ್ನು, ಅದರಲ್ಲೂ ಹಿಂದಿನ ಚಕ್ರದ ಹತ್ತಿರ ಕೆಸರು ನಿಲ್ಲುವ ಕಡೆ, ಒಮ್ಮೆ ನೋಡಿ. ಮಳೆಯ ಊರಿನ ಗಾಡಿ, ತುಕ್ಕು ಇಲ್ಲದೆ ಇರುವುದಿಲ್ಲ. ಮೇಲ್ಮೈ ಕೆಂಪಾಗಿದ್ದರೆ ಚಿಂತೆಯಿಲ್ಲ. ಉಗುರಿಗೆ ಹಕ್ಕಳೆ ಏಳುತ್ತಿದ್ದರೆ ಪೈಪ್ ಒಳಗೆ ತೆಳ್ಳಗಾಗಿದೆ. ತೂತಾದ ಜಾಗವನ್ನು ಕೊಯ್ದು ಮೀಟರುಗಟ್ಟಲೆ ರಬ್ಬರ್ ಪೈಪ್ ಎಳೆಯುವ ರಿಪೇರಿ ಬೇಡ, ಕೆಳಗೆ ಕಲ್ಲು ತಾಗುತ್ತದೆ. ಅದಕ್ಕೆ, ಮತ್ತು ಟ್ಯಾಂಕ್ ಇಳಿಸಿ ಮಾಡಬೇಕಾದ ಕೆಲಸಕ್ಕೆ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ. ಜಾಕಿ ಮೇಲೆ ನಿಂತ ಗಾಡಿಯಡಿ ಮಲಗಿ ಪೆಟ್ರೋಲ್ ಟ್ಯಾಂಕ್ ಬಿಚ್ಚುವುದು ಯಾರಿಗೂ ಹೇಳುವ ಸಲಹೆಯಲ್ಲ.

ಬಾನೆಟ್ಟಿನ ಕೆಳಗಿನ ಪೈಪೆಲ್ಲ ಬದಲಿಸಿದ ಮೇಲೂ ವಾಸನೆ ಉಳಿದರೆ, ಅದು ಯಾವಾಗ ಬರುತ್ತದೆ ಎಂದು ಗಮನಿಸಿ. ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ, ಅದೂ ಹಿಂದಿನ ಸೀಟಿನ ಕಡೆಯಿಂದ ಬಂದರೆ, ಪೆಟ್ರೋಲ್ ಸುರಿಯುವ ಬಾಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಪೈಪೋ ಅದರ ಪಕ್ಕದ ಗಾಳಿಯ ಪೈಪೋ ಬಿರಿದಿದೆ. ಅದು ಸಿಕ್ಕುವವರೆಗೆ ಮುಕ್ಕಾಲು ಟ್ಯಾಂಕಿಗಿಂತ ಹೆಚ್ಚು ಹಾಕಿಸಬೇಡಿ.